ಹೊಸ ಪೆಟ್ಟಿಗೆಗೆ ಹಳೆಯ ವೈರು

ಮಾರ್ಚ್ ೭, ಶನಿವಾರ, ಮಧ್ಯಾಹ್ನ ಮೂರು ಗಂಟೆ. ಅಚ್ಚುಕೂಟದ ಕರಡು ತಿದ್ದುವ ಕೋಣೆ. ಇವತ್ತು ಅರ್ಧ ದಿನದ ಕೆಲಸ, ಉಳಿದವರೆಲ್ಲ ಹೋಗಿದ್ದಾರೆ. ಮೇಜಿನ ಮೇಲೆ ಅಕ್ಕನ ಕಂಪ್ಯೂಟರಿನ ಎರಡು ಸುಟ್ಟ ಹಾರ್ಡ್ ಡಿಸ್ಕುಗಳೂ ಅವೆರಡನ್ನೂ ಪೋಣಿಸಿದ್ದ ಒಂದು ವೈರೂ ಇವೆ.

ಭಾವನವರಿಗೆ,

ಕ್ಷೇಮಸಮಾಚಾರ ಕೇಳಿ ಶುರುಮಾಡುವುದು ಮರ್ಯಾದೆ. ನೀವು ಕ್ಷೇಮವೆಂದು ನನಗೆ ಗೊತ್ತು. ಏನೇ ಆದರೂ ನೀವು ಕ್ಷೇಮವಾಗಿಯೇ ಇರುತ್ತೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈ ಡಿಸ್ಕುಗಳನ್ನು ಜನವರಿಯಲ್ಲಿ ಚಪ್ಪಲಿ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟವರು ನೀವು. “ನಿಮ್ಮ ಪ್ರೆಸ್ ಹತ್ರ ಹಳೇ ಎಲೆಕ್ಟ್ರಿಕ್ ಸಾಮಾನು ಹಾಕೋ ತೊಟ್ಟಿ ಇದೆಯಲ್ಲಪ್ಪ, ಅದಕ್ಕೆ ಹಾಕ್ಬಿಡು. ಮನೇಲಿದ್ರೆ ನಿಮ್ಮಕ್ಕ ನೋಡ್ಕೊಂಡು ಅಳ್ತಾ ಕೂತ್ಕೋತಾಳೆ” ಅಂದಿರಿ. ನಾನು ಹಾಕಲಿಲ್ಲ. ಏಳು ವಾರ ನನ್ನ ಕಪಾಟಿನಲ್ಲಿ ಪುಸ್ತಕಗಳ ಹಿಂದೆ ಇದ್ದವು. ಹೋದ ವಾರ ಡಿಸ್ಕ್ ರಿಪೇರಿಯವನ ಹತ್ತಿರ ಒಯ್ದೆ. ಆ ಬೀದಿಯವರು ಅವನನ್ನು ಡಾಕ್ಟರ್ ಅನ್ನುತ್ತಾರೆ. ಇವತ್ತು ಬೆಳಗ್ಗೆ ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಹೇಳಿದ: “ಇವು ವಯಸ್ಸಾಗಿ ಸತ್ತಿದ್ದಲ್ಲ ಸಾರ್. ಐದು ವೋಲ್ಟ್ ಹೋಗ್ಬೇಕಾದ ಕಡೆ ಹನ್ನೆರಡು ಹೋಗಿದೆ. ಒಂದೇ ಏಟಿಗೆ ಎರಡೂ. ಪವರ್ ಸಪ್ಲೈ ಪೆಟ್ಟಿಗೆ ಹೊಸದು, ವೈರು ಹಳೇ ಪೆಟ್ಟಿಗೇದು, ಹೌದಾ? ಚೆನ್ನಾಗೇ ಕೂತ್ಕೊಳ್ಳುತ್ತೆ, ಅದೇ ತೊಂದರೆ. ಯಾವ ಪಿನ್ನಲ್ಲಿ ಏನು ಬರುತ್ತೆ ಅನ್ನೋದು ಕಂಪನಿಗೊಂದು ಥರ. ಅದರ ಜೊತೆ ಬಂದ ವೈರನ್ನೇ ಹಾಕಿ ಅಂತ ಪುಸ್ತಕದಲ್ಲೇ ಬರೆದಿರ್ತಾರೆ. ಯಾರು ಓದ್ತಾರೆ ಹೇಳಿ?”

ನಿಮಗೆ ಯಾವುದೂ ನಡೆದ ಹಾಗೆ ನೆನಪಿರುವುದಿಲ್ಲ, ಬೇಕಾದ ಹಾಗೆ ನೆನಪಿರುತ್ತದೆ. ಆದ್ದರಿಂದ ಆ ಭಾನುವಾರದ್ದನ್ನು ನಾನೇ ಬರೆದಿಡುತ್ತೇನೆ.

ಅಕ್ಕನ ಹಳೆಯ ಯಂತ್ರ ತೀರಾ ನಿಧಾನವಾಗಿತ್ತು. ಒಂದು ಹೆಣಿಗೆ ನಮೂನೆಯ ಕಡತ ತೆರೆಯುವಷ್ಟರಲ್ಲಿ ಟೀ ಕುದಿದು ಆರುತ್ತಿತ್ತು. ಸ್ವೆಟರಿನ ಎದೆಯ ಮೇಲೆ, ಕಾಲುಚೀಲದ ಅಂಚಿಗೆ, ಮಕ್ಕಳ ಟೋಪಿಗೆ ಎಂದು ಸಣ್ಣ ಸಣ್ಣ ಚೌಕಗಳಿಗೆ ಬಣ್ಣ ತುಂಬಿ ಅವಳು ಒಂಬತ್ತು ವರ್ಷದಲ್ಲಿ ಮುನ್ನೂರ ಹನ್ನೆರಡು ನಮೂನೆ ಮಾಡಿದ್ದಳು. ಪ್ರಕಾಶಕಿಯೊಬ್ಬರು ಅದನ್ನು ಪುಸ್ತಕ ಮಾಡಲು ಒಪ್ಪಿದ್ದರು. ಅಕ್ಕ ಕೇಳಿದ್ದು ಒಂದೇ, ಒಂದು ಹೊಸ ಕಂಪ್ಯೂಟರ್. ನೀವು ನಕ್ಕಿರಿ. “ಪೂರ್ತಿ ಹೊಸದು ಯಾಕೆ? ಇದರಲ್ಲಿ ಅರ್ಧಕ್ಕರ್ಧ ಚಿನ್ನದಂಥ ಸಾಮಾನಿದೆ. ಎಸೆಯೋಕೆ ಕೈ ಇದ್ರೆ ಸಾಕು ಕಣೇ, ಉಳಿಸ್ಕೊಳ್ಳೋಕೆ ತಲೆ ಬೇಕು.”

ಆ ತಲೆಯ ಉಳಿತಾಯವನ್ನು ನಿಮ್ಮ ಮನೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಸತ್ತ ಟೀವಿಗಳ ಮೂರು ರಿಮೋಟು. ಯಾರ ಹತ್ತಿರವೂ ಇಲ್ಲದ ಫೋನುಗಳ ಚಾರ್ಜರಿಗೆ ಒಂದು ಪೂರ್ತಿ ಡ್ರಾಯರು. ಹಾಗೆಂದು ಹಳೆಯದನ್ನು ಉಳಿಸುವುದೇ ತಪ್ಪು ಎನ್ನುವಷ್ಟು ದಡ್ಡ ನಾನಲ್ಲ. ನೀವು ಉಳಿಸಿದ ಹಳೆಯ ಕ್ಯಾಬಿನೆಟ್ಟು ಚೆನ್ನಾಗಿದೆ, ಫ್ಯಾನು ತಿರುಗುತ್ತಿದೆ, ಕೀಬೋರ್ಡು ಹೊಸದಕ್ಕಿಂತ ಗಟ್ಟಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೇ ಹೊಗಳುತ್ತಿದ್ದೆ. ನೀವು ಹಳೆಯ ಮೆಮೊರಿ ಪಟ್ಟಿಯನ್ನೂ ಆಗಷ್ಟೇ ಕೊಂಡುತಂದ ಹೊಸ ಬೋರ್ಡಿಗೆ ಹಾಕಲು ಹೊರಟಿರಿ. ಅದರ ಕಚ್ಚು ಒಂದು ಕಡೆ, ಬೋರ್ಡಿನ ಏಣು ಇನ್ನೊಂದು ಕಡೆ. ಹತ್ತು ನಿಮಿಷ ಒತ್ತಿದಿರಿ, ತಿರುಗಿಸಿ ಒತ್ತಿದಿರಿ, ಹೆಬ್ಬೆರಳು ಕೆಂಪಾಯಿತು. ಕೊನೆಗೆ “ಬೋರ್ಡ್ ಮಾಡ್ದೋನಿಗೆ ಅಳತೆ ಗೊತ್ತಿಲ್ಲ” ಎಂದು ತೀರ್ಪು ಕೊಟ್ಟು ಅಂಗಡಿಗೆ ಓಡಿದಿರಿ. ಮೆಮೊರಿಗೆ ಇದ್ದ ಕಚ್ಚು ವೈರಿಗೆ ಇರಲಿಲ್ಲ. ಅದು ಎಲ್ಲಿ ತಳ್ಳಿದರೆ ಅಲ್ಲಿ ಕೂತಿತು.

ಕಂಪ್ಯೂಟರಿಗೆ ಕರೆಂಟು ಹಂಚುವ ಹಳೆಯ ಪವರ್ ಸಪ್ಲೈ ಪೆಟ್ಟಿಗೆ ಗುರುಗುಟ್ಟುತ್ತಿದ್ದುದರಿಂದ ಅದನ್ನೂ ಹೊಸದು ತಂದಿದ್ದಿರಿ. ಅದರ ಜೊತೆ ಚೀಲದ ತುಂಬ ವೈರು ಬಂದಿತ್ತು. ಬೋರ್ಡಿಗೆ ಹೊಸದನ್ನೇ ಹಾಕಿದಿರಿ, ಹಳೆಯದು ಉದ್ದ ಸಾಲಲಿಲ್ಲವೆಂದು. ಡಿಸ್ಕುಗಳಿಗೆ ಹೋಗುವ ವೈರನ್ನು ಮಾತ್ರ ಬಿಚ್ಚಲಿಲ್ಲ. ಆರು ವರ್ಷದ ಹಿಂದೆ ನೀವೇ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದು, ಅದರ ಮೇಲೆ ನಿಮಗೆ ಮೋಹ. “ಈ ಕಟ್ಟು ನೋಡು, ಮುಂದಿನ ತಲೆಮಾರಿಗೂ ಅಲ್ಲಾಡಲ್ಲ.” ಅಕ್ಕನ ಕೆಲಸವೆಲ್ಲ ಒಂದು ಡಿಸ್ಕಿನಲ್ಲಿ, ಅದರ ಪ್ರತಿ ಇನ್ನೊಂದರಲ್ಲಿ. “ಎರಡಿದೆಯಲ್ಲ, ಒಂದು ಹೋದ್ರೆ ಇನ್ನೊಂದು, ಭಯ ಯಾಕೆ?” ಎಂದು ವರ್ಷಗಳಿಂದ ಅವಳಿಗೆ ಧೈರ್ಯ ಹೇಳಿದ್ದಿರಿ. ಎರಡನ್ನೂ ಒಂದೇ ವೈರಿನಲ್ಲಿ ಪೋಣಿಸಿದ್ದಿರಿ.

ಆಮೇಲೆ ಅವಳನ್ನು ಅಡುಗೆಮನೆಯಿಂದ ಕರೆದಿರಿ. “ನಿನ್ನ ಕಂಪ್ಯೂಟರು, ನೀನೇ ಒತ್ತು.” ಅವಳು ಕೈ ಒರೆಸಿಕೊಂಡು ಬಂದು, ನಗುತ್ತ, ಒಂದು ಬೆರಳಿನಿಂದ ಒತ್ತಿದಳು. ಟಪ್ ಎಂದಿತು. ರಬ್ಬರು ಸುಟ್ಟ ವಾಸನೆ. ಆಗ ನಿಮ್ಮ ಬಾಯಿಂದ ಬಂದ ಮೊದಲ ಮಾತು, “ಏನೇ ಮಾಡ್ದೆ ನೀನು?” ಎರಡನೆಯದು, “ಎರಡು ಸಲ ಒತ್ತಿದ್ಯಾ?” ಅವಳಿಗೆ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. “ಒತ್ತಿದೆನೇನೋ” ಅಂದಳು. ನಿಮಗೆ ಅಷ್ಟು ಸಾಕಾಯಿತು. ಸಂಜೆಯ ಹೊತ್ತಿಗೆ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಿರಿ: “ಡಿಸ್ಕಿಗೂ ವಯಸ್ಸಾಗಿತ್ತು ಬಿಡಿ. ಇವಳು ಗಡಿಬಿಡೀಲಿ ಎರಡು ಸಲ ಒತ್ತಿಬಿಟ್ಳು, ಪಾಪ.” ಭಾವ, ನೀವು ಹೇಳಿದ ಸುಳ್ಳಿಗಿಂತ ಆ ‘ಪಾಪ’ ನನಗೆ ಹೆಚ್ಚು ಅಸಹ್ಯ. ತಪ್ಪು ಹೊರಿಸಿದ್ದಲ್ಲದೆ ಕ್ಷಮಿಸಿದ ದೊಡ್ಡತನವನ್ನೂ ನೀವೇ ತೆಗೆದುಕೊಂಡಿರಿ.

“ನನಗೇ ಗೊತ್ತಿರಲಿಲ್ಲ” ಎಂದು ನೀವು ಹೇಳಬಹುದು. ಆ ಭಾನುವಾರ ಗೊತ್ತಿರಲಿಲ್ಲ, ನಂಬುತ್ತೇನೆ. ಮರುದಿನ ಗೊತ್ತಿತ್ತು. ಮರುದಿನ ಹೊಸ ಡಿಸ್ಕ್ ತಂದು ಕೂರಿಸುವಾಗ ನೀವು ಚೀಲದಿಂದ ಹೊಸ ವೈರು ತೆಗೆದಿರಿ. ಮುಂದಿನ ತಲೆಮಾರಿಗೂ ಅಲ್ಲಾಡದ ಕಟ್ಟನ್ನು ಕತ್ತರಿಯಿಂದ ಕತ್ತರಿಸಿದಿರಿ. ಮುರಿದ ತಿರುಪನ್ನೂ ಸೀಸೆಯಲ್ಲಿ ಕೂಡಿಡುವ ಮನುಷ್ಯ ಒಂದು ಗಟ್ಟಿಮುಟ್ಟಾದ ವೈರನ್ನು ಎಸೆಯಲು ಕೊಟ್ಟಿದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದೆ. ಚಪ್ಪಲಿ ಡಬ್ಬಿ ತೆರೆದು ಅದನ್ನು ಕಂಡಾಗಲೇ ನಿಮಗೆ ಗೊತ್ತಿದೆ ಎಂಬ ಅನುಮಾನ ನನಗೆ ಬಂದದ್ದು. ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು ನೀವು. ಸುಟ್ಟದ್ದು ಯಾಕೆ ಸುಟ್ಟಿತು ಎಂದು ಹುಡುಕುವುದೇ ನಿಮ್ಮ ಉದ್ಯೋಗ. ಹುಡುಕಿದಿರಿ, ಸಿಕ್ಕಿತು, ಡಬ್ಬಿಗೆ ಹಾಕಿ ಮುಚ್ಚಿದಿರಿ.

ಅಕ್ಕ ಈಗ ಹೇಗಿದ್ದಾಳೆಂದು ನೀವು ನೋಡುತ್ತೀರೋ ಇಲ್ಲವೋ. ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಂತು “ಒತ್ಲಾ?” ಎಂದು ನಿಮ್ಮನ್ನು ಕೇಳುತ್ತಾಳೆ. ನೀವು ಪೇಪರಿನಿಂದ ತಲೆ ಎತ್ತದೆ “ಹ್ಞೂಂ, ಮೆಲ್ಲಗೆ” ಅನ್ನುತ್ತೀರಿ. ಹೋದ ತಿಂಗಳು ನನ್ನ ಕೋಣೆಗೆ ಬಂದವಳು ಲಿಫ್ಟಿನ ಗುಂಡಿ ಮುಟ್ಟದೆ ಐದು ಮಹಡಿ ಹತ್ತಿ ಬಂದಳು, ಲಿಫ್ಟಿನವನ ಹೆಂಡತಿ. ಹೆಣಿಗೆ ಕಡ್ಡಿಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಿದ್ದಾಳೆ. ಪ್ರಕಾಶಕಿಗೆ ಪತ್ರ ಬರೆದು ಲಕೋಟೆಯಲ್ಲಿಟ್ಟಿದ್ದಾಳೆ, ಸೋಮವಾರ ಅಂಚೆಗೆ ಹಾಕುತ್ತಾಳಂತೆ. ಅದರಲ್ಲಿ ಏನಿದೆ ಎಂದು ಕೇಳಿದೆ. “ನನ್ನ ಅಜಾಗರೂಕತೆಯಿಂದ ಎಲ್ಲ ಹಾಳಾಯ್ತು, ಪುಸ್ತಕ ಬಿಟ್ಟುಬಿಡಿ ಅಂತ ಬರ್ದಿದೀನಿ ಕಣೋ. ಇನ್ನೇನು ಬರೀಲಿ?” ಅಂದಳು.

ಇಲ್ಲಿಯವರೆಗೆ ಬರೆದದ್ದು ಸುಲಭವಾಗಿತ್ತು. ನಿಮ್ಮನ್ನು ಹೀನಾಯವಾಗಿ ಕಾಣುವುದು ನನಗೆ ಯಾವಾಗಲೂ ಸುಲಭ.

ಆ ಭಾನುವಾರ ನಾನು ನಿಮ್ಮ ಹಿಂದೆಯೇ ಕುರ್ಚಿಯಲ್ಲಿದ್ದೆ. ಯಾವುದೋ ದೂರದೇಶದ ಕಾದಂಬರಿಯ ಅನುವಾದ ನನ್ನ ಕೈಲಿತ್ತು. “ಈ ಕೆಲಸ ನಿನಗಲ್ಲಪ್ಪ. ಅಲ್ಲೆಲ್ಲೋ ಹಿಮದಲ್ಲಿ ಯಾರು ಯಾಕೆ ಅತ್ತರು ಅಂತ ನೀನು ಓದ್ಕೋ” ಅಂದಿರಿ, ಅಕ್ಕನೂ ನಕ್ಕಳು. ನಾನು ಕಾದಂಬರಿ ಕೆಳಗಿಟ್ಟು, ಪವರ್ ಸಪ್ಲೈ ಜೊತೆ ಬಂದಿದ್ದ ಪುಟ್ಟ ಪುಸ್ತಕ ಎತ್ತಿಕೊಂಡೆ. ಔಷಧಿ ಡಬ್ಬಿಯೊಳಗೆ ಮಡಿಸಿಡುವ ಚೀಟಿಗಳ ಕರಡು ತಿದ್ದುವುದು ನನ್ನ ಕೆಲಸ. ಎಚ್ಚರಿಕೆಯ ಸಾಲು ಎಲ್ಲಿದ್ದರೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ನಾಲ್ಕನೆಯ ಪುಟದಲ್ಲಿ ದಪ್ಪಕ್ಷರದಲ್ಲಿತ್ತು: ಬೇರೆ ಪವರ್ ಸಪ್ಲೈಯ ವೈರುಗಳನ್ನು ಬಳಸಬೇಡಿ, ಸಾಧನಗಳು ಸುಡಬಹುದು. ಓದಿದೆ. ತಲೆ ಎತ್ತಿ ನೋಡಿದಾಗ ನಿಮ್ಮ ಕೈಲಿ ಆ ಹಳೆಯ ವೈರಿನ ತುದಿ ಇತ್ತು.

ನಾನು ಬಾಯಿ ಬಿಡಲಿಲ್ಲ. ಡಿಸ್ಕುಗಳು ಹೋಗುತ್ತವೆಂದು ಎಣಿಸಿರಲಿಲ್ಲ; ಯಂತ್ರ ಶುರುವಾಗದೆ ನೀವು ಎಲ್ಲರೆದುರು ಪೆಚ್ಚಾಗುತ್ತೀರಿ, ಆಮೇಲೆ ನಾಲ್ಕನೆಯ ಪುಟ ತೆರೆದು ನಿಮ್ಮ ಮುಂದೆ ಇಡೋಣ ಎಂದುಕೊಂಡೆ. ಪುಸ್ತಕದಲ್ಲಿ ಬೆರಳಿಟ್ಟು ಕಾಯುತ್ತಿದ್ದೆ. ಅಕ್ಕ ಗುಂಡಿ ಒತ್ತುವಾಗಲೂ ನನ್ನ ಬೆರಳು ಅಲ್ಲೇ ಇತ್ತು.

ಆಮೇಲೂ ಹೇಳಲಿಲ್ಲ. ಹೇಳಿದ್ದರೆ “ಗೊತ್ತಿದ್ದೂ ಯಾಕೆ ಸುಮ್ನಿದ್ದೆ?” ಎಂದು ಅವಳು ಕೇಳುತ್ತಿದ್ದಳು. ಡಿಸ್ಕುಗಳು ಮುದಿಯಾಗಿದ್ದವೇನೋ ಎಂದು ನಾನೂ ನಿಮ್ಮ ಮಾತಿಗೇ ಜೋತುಬಿದ್ದೆ. ನೀವು ಒಂದು ದಿನದಲ್ಲಿ ಮುಚ್ಚಿದಿರಿ, ನಾನು ಎಂಟು ವಾರ ಮುಚ್ಚಿಟ್ಟೆ. ನಿಮಗೆ ಹೆದರಿಕೆಯಿತ್ತು ಎಂದಾದರೂ ಅನ್ನಬಹುದು. ನನ್ನದು ಬರೀ ಕೊಬ್ಬು.

ಡಾಕ್ಟರ್ ಇನ್ನೊಂದು ಮಾತು ಹೇಳಿದ್ದಾನೆ. ಒಂದು ಡಿಸ್ಕಿನ ಸರ್ಕ್ಯೂಟ್ ಹಲಗೆ ಪೂರ್ತಿ ಸುಟ್ಟುಹೋಗಿದೆ. ಇನ್ನೊಂದರಲ್ಲಿ ಏಟು ತಡೆಯಲೆಂದೇ ಇಟ್ಟ ಅಕ್ಕಿಕಾಳಿನಷ್ಟು ಸಣ್ಣ ಬಿಡಿಭಾಗವೊಂದು ಸುಟ್ಟಿದೆ. ಅದನ್ನು ತೆಗೆದು ಕರೆಂಟು ಕೊಟ್ಟರೆ ಡಿಸ್ಕು ತಿರುಗಬಹುದು, ತಿರುಗದೆಯೂ ಇರಬಹುದು. ಒಂದೇ ಅವಕಾಶ. “ಯಾರದ್ದೋ ಅವರೇ ಬಂದು ಸಹಿ ಹಾಕ್ಬೇಕು ಸಾರ್. ಇದೇನು ನಿಮ್ಮದಲ್ಲವಲ್ಲ” ಅಂದ. ಹೌದು, ನನ್ನದಲ್ಲ. ನಿಮ್ಮದೂ ಅಲ್ಲ.

ನಾನು ಓದುವ ಕಾದಂಬರಿಗಳಲ್ಲಿ ಇಂಥ ಪತ್ರ ತಲುಪುವಷ್ಟರಲ್ಲಿ ಯಾರಾದರೂ ತೀರಿಕೊಂಡಿರುತ್ತಾರೆ, ಬರೆದವನಿಗೆ ಅನುಕೂಲ. ನಮ್ಮಲ್ಲಿ ಹಾಗಾಗುವುದಿಲ್ಲ. ನಾಳೆ ಮೂವರೂ ಒಂದೇ ಮೇಜಿನ ಸುತ್ತ ಕೂರಬೇಕು.

ಈ ಪತ್ರವನ್ನು ಮುಂಚಿತವಾಗಿ ನಿಮಗೆ ಕಳಿಸುವುದಿಲ್ಲ. ಕಳಿಸಿದರೆ ಇವತ್ತು ರಾತ್ರಿ ಊಟದ ಹೊತ್ತಿಗೆ ನೀವು ಇದನ್ನೊಂದು ತಮಾಷೆಯ ಕಥೆ ಮಾಡಿ ಅವಳನ್ನು ನಗಿಸಿಬಿಡುತ್ತೀರಿ, ಅವಳು ನಿಮ್ಮನ್ನೇ ಸಮಾಧಾನ ಮಾಡುತ್ತಾಳೆ. ನಾಳೆ ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ನೀವು ಎದುರಿಗಿರುವಾಗಲೇ ಅಕ್ಕನಿಗೆ ಹೇಳುತ್ತೇನೆ: ಮೊದಲು ನಾನು ಓದಿದ ನಾಲ್ಕನೆಯ ಪುಟ, ಆಮೇಲೆ ನಿಮ್ಮ ವೈರು. ಲಕೋಟೆ ಅಂಚೆಗೆ ಹಾಕಬೇಡ ಎಂದೂ ಅನ್ನುವುದಿಲ್ಲ. ಗೊತ್ತಾದ ಮೇಲೆ ಏನು ಮಾಡಬೇಕೆಂಬುದು ಅವಳಿಗೆ ಬಿಟ್ಟದ್ದು. ಡಾಕ್ಟರ ಅಂಗಡಿಗೆ ಸಹಿ ಹಾಕಲು ಹೊರಟರೆ ಜೊತೆಗೆ ಹೋಗುತ್ತೇನೆ, ಅವಳು ನನ್ನನ್ನು ಕರೆದರೆ. ಇದು ನಿರ್ಧಾರ. ಇನ್ನೂ ಯಾರಿಗೂ ಹೇಳಿಲ್ಲ, ಎದ್ದು ಬಾಗಿಲವರೆಗೂ ಹೋಗಿಲ್ಲ.

ನಿಮಗೆ ಒಳ್ಳೆಯದಾಗಲಿ ಎಂದು ಇವತ್ತು ಮನಸ್ಸಿನಿಂದ ಬರೆಯಲಾರೆ. ಅಕ್ಕನಿಗೆ ಒಳ್ಳೆಯದಾಗಲಿ, ನಮ್ಮಿಬ್ಬರನ್ನೂ ದಾಟಿ.

ನಿಮ್ಮ ಬಾಮೈದ