ಹಿಸಾಕಿ ಯಾರ ಕಡೆ

ಹುಕ್ಕೇರಿ
೯ ಸೆಪ್ಟೆಂಬರ್ ೨೦೨೫, ಮಂಗಳವಾರ

ಭಾಗ್ಯಾಳ ಅಪ್ಪ ಅವರಿಗೆ,

ನಾವಿಬ್ಬರೂ ಇಲ್ಲಿ ಆರಾಮ ಇದ್ದೇವೆ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಅದನ್ನು ಬಿಡುತ್ತೇನೆ. ಕಾಗದದ ಮೇಲೆ ಬರೆಯುತ್ತಿರುವುದಕ್ಕೆ ಬೇರೆ ಅರ್ಥ ಹಚ್ಚಬೇಡಿ. ನನ್ನ ಫೋನು ಅರ್ಧ ದಿನ ಮಗಳ ಕೈಯಲ್ಲಿರುತ್ತದೆ, ಮತ್ತು ವಕೀಲರ ಬಾಯಿಂದ ಹೇಳಿಸಿದರೆ ಮಾತು ಅವರದಾಗಿಬಿಡುತ್ತದೆ.

'ಕೆಂಪು ರೆಕ್ಕೆ' ನೀವೇ ಎಂಬುದು ನನಗೆ ಗೊತ್ತಾಗಿದೆ.

ಭಾಗ್ಯಾ ಸೇರಿರುವ ಆ ಗುಂಪಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಹುಡುಗ ಹುಡುಗಿಯರೇ ಇರುವುದು. ಜಪಾನಿನ ಆ ಚಿತ್ರಸರಣಿಯ ಬಗ್ಗೆ ಅವರು ಫೋನಿನಲ್ಲಿ ಹಗಲೆಲ್ಲ ಜಗಳಾಡುತ್ತಾರೆ. ಯುದ್ಧದ ಯಂತ್ರಗಳನ್ನು ಹಾರಿಸುವ ಮಕ್ಕಳ ಕಥೆ. ಅದರಲ್ಲಿ ಹಿಸಾಕಿ ಎಂಬ ಹದಿನೈದರ ಪೈಲಟ್ ಇದ್ದಾನೆ. ಅವನಿಗೆ ಹಾರಲು ಕಲಿಸಿದ ಗುರು ಒಂದು ಪಡೆಯಲ್ಲಿ, ಅವನನ್ನು ಸಾಕಿದವಳು ಎದುರು ಪಡೆಯಲ್ಲಿ. ಕೊನೆಯ ಕಂತಿನಲ್ಲಿ ಗುರುವಿನ ವಿಮಾನ ಅವನ ಗುರಿಗೆ ಸಿಗುತ್ತದೆ. ಅವನು ಗುಂಡು ಹಾರಿಸುವುದಿಲ್ಲ, ರೇಡಿಯೋ ಬಂದ್ ಮಾಡಿ ಸುಮ್ಮನೆ ಕೂರುತ್ತಾನೆ. ಅಲ್ಲಿಗೆ ಮುಗಿಯುತ್ತದೆ. ಮುಂದಿನ ಭಾಗ ಇನ್ನೂ ಬಂದಿಲ್ಲ. ಹಿಸಾಕಿ ಹೇಡಿಯೇ, ದ್ರೋಹಿಯೇ, ಅಥವಾ ಯಾರಿಗೆ ನಿಷ್ಠ ಎಂಬುದೇ ಜಗಳ. ನಿಮಗೆ ಇದೆಲ್ಲ ಗೊತ್ತು. ಆದರೂ ಬರೆದೆ. ಯಾಕೆಂದರೆ ನಾವು ಮಾತಾಡುತ್ತಿರುವುದು ಯಾವುದರ ಬಗ್ಗೆ ಎಂಬುದನ್ನು ನಾವಿಬ್ಬರೂ ಮರೆತಂತಿದೆ.

ಜುಲೈನಲ್ಲಿ ಕೆಂಪು ರೆಕ್ಕೆ ಬರೆದದ್ದು ನನ್ನ ಕಣ್ಣಿಗೆ ಬಿತ್ತು. "ಮೂರ ಫೇಸಿನ ಮೋಟಾರು ಎರಡ ಫೇಸಿನ ಮ್ಯಾಲೂ ಓಡತೈತಿ. ಗುಂಯ್ ಅನಕೋತ ಓಡತೈತಿ, ಒಳಗ ಸುಡಾಕತ್ತಿರತೈತಿ. ಹಿಸಾಕಿದೂ ಹಂಗ ಆಗೇತಿ. ಕಲಿಸಿದಾತನ ಕಡಿ ಹೋದ್ರ ಉಳೀತಾನ." ಸುಟ್ಟ ಪಂಪಿನ ಮೋಟಾರು ಹೊತ್ತು ತಂದ ರೈತರಿಗೆ ನೀವು ಇದೇ ಮಾತು ಹೇಳುವುದನ್ನು ಗೋಕಾಕದ ನಿಮ್ಮ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಎಷ್ಟು ವರ್ಷ ಕೇಳಿದ್ದೇನೆ. ತಾಮ್ರದ ತಂತಿ, ವಾರ್ನಿಶಿನ ವಾಸನೆ ಎಲ್ಲ ಆ ನಾಲ್ಕು ಸಾಲಿನಲ್ಲಿ ಇದ್ದವು.

ಮೊದಲು ನಗು ಬಂತು. ಆಮೇಲೆ ತಾರೀಖು ನೆನಪಾಯಿತು. ಸೆಪ್ಟೆಂಬರ್ ಹದಿನೆಂಟಕ್ಕೆ ಗೋಕಾಕದ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ಭಾಗ್ಯಾಳನ್ನು ಒಳಗೆ ಕರೆದು, ಯಾರ ಹತ್ತಿರ ಇರುತ್ತೀ ಎಂದು ಕೇಳುತ್ತಾರೆ. ಕೆಂಪು ರೆಕ್ಕೆಯ ಮಾತು ಹಿಸಾಕಿಗಲ್ಲ. ಭಾಗ್ಯಾ ಆಗಲೇ ಬದಲಾಗುತ್ತಿದ್ದಳು. ಜೂನಿನಲ್ಲಿ ಅವಳು ಹಿಸಾಕಿ ಯಾರ ಕಡೆಗೂ ಹೋಗಬಾರದು ಎನ್ನುತ್ತಿದ್ದಳು. ಆಗಸ್ಟಿನಲ್ಲಿ, ಗುರುವಿಗೂ ಅವನ ಮೇಲೆ ಹಕ್ಕಿದೆಯಲ್ಲ ಎಂದು ನನ್ನ ಎದುರಿಗೇ ವಾದಿಸಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು.

ಇನ್ನು ನನ್ನ ಪಾಲಿನದು. ಹೇಳದೆ ಬಿಟ್ಟರೆ ಈ ಕಾಗದಕ್ಕೆ ಅರ್ಥವಿಲ್ಲ. ಕೆಂಪು ರೆಕ್ಕೆಗೆ ಸಾಲು ಸಾಲಾಗಿ ಉತ್ತರ ಕೊಟ್ಟ 'ಹಳೇ ರೇಡಿಯೋ' ನಾನು. ಕಾಲೇಜಿನಲ್ಲಿ ಕೊಟ್ಟ ಟ್ಯಾಬಿನಿಂದ, ಪಾಠವಿಲ್ಲದ ಹೊತ್ತಿನಲ್ಲಿ, ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ. ತರಬೇತಿ ಮುಗಿಯುವ ಮೊದಲೇ ಶಿಬಿರ ಬಿಟ್ಟು ಹೋದ ಗುರುವಿಗೆ ಹಕ್ಕು ಎಲ್ಲಿಂದ ಬಂತು ಎಂದು ಬರೆದೆ. ಹೋದವನಲ್ಲ, ಹೊರಗೆ ಹಾಕಿದರು ಎಂದು ನೀವು ಬರೆದಿರಿ. ಸಂಕೇಶ್ವರದ ನನ್ನ ತವರಿನವರು ಹಿಸಾಕಿಯ ಕಥೆಯಲ್ಲಿ ಸೇನಾಧಿಕಾರಿಗಳಾಗಿ ಬಂದರು, ನಿಮ್ಮ ತಾಯಿಯೂ ಬಂದರು. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದು ನಾವು ಇಷ್ಟು ಬಿಚ್ಚಿ ಜಗಳಾಡಿದವರಲ್ಲ. ನಾನು ಯಾವ ಪಕ್ಷಕ್ಕೂ ಸೇರಿದವಳಲ್ಲ, ದೂರ ನಿಂತು ನೋಡುವವಳು ಎಂದು ನನ್ನ ಬಗ್ಗೆ ನನಗೊಂದು ನಂಬಿಕೆಯಿತ್ತು. ಅದು ಎಷ್ಟು ಸುಲಭವಾಗಿ ಕಳಚಿತು ಎಂಬುದು ನನಗೇ ಸೋಜಿಗ.

ಮೊನ್ನೆ ಭಾನುವಾರ ಗುಂಪಿನವರು ಮೂಡಲಗಿಯಲ್ಲಿ ಸೇರಿದ್ದರು. ನೀವು ಬರಲಿಲ್ಲ, ಬರುವಂತೆಯೂ ಇರಲಿಲ್ಲ. ನಾನು ಮಗಳಿಗೆ ಜೊತೆಯೆಂದು ಹೋದೆ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಅವಳು ನಿಮ್ಮ ಅಂಗಡಿಯ ದಿಕ್ಕಿಗೆ ನೋಡಲಿಲ್ಲ. ನೋಡದಿರಲು ಅವಳು ಪಡುತ್ತಿದ್ದ ಕಷ್ಟವನ್ನು ನಾನು ನೋಡಿದೆ.

ಒಂದು ಕಂಪ್ಯೂಟರ್ ಕ್ಲಾಸಿನ ಮೇಲಿನ ಕೋಣೆ. ಇಪ್ಪತ್ತರಷ್ಟು ಮಕ್ಕಳು. ಕೌಜಲಗಿಯ ಮಾಲಿಂಗ ಎಂಬವನು ಗುಂಪನ್ನು ನಡೆಸುತ್ತಾನೆ, ಡಿಗ್ರಿ ಓದುತ್ತಾನೆ, ಮಾತಿನಲ್ಲಿ ಚೂಟಿ. "ಕೆಂಪು ರೆಕ್ಕೆ ಬಂದಿಲ್ಲ, ಹಳೇ ರೇಡಿಯೋನೂ ಬಂದಿಲ್ಲ. ಅವರಿಬ್ಬರು ಜಗಳಾಡೂದು ಸೀರೀಸಕ್ಕಿಂತ ಛಲೋ ಐತ್ರಿ, ಟಿಕೀಟ ಇಡಬೇಕಿತ್ತ," ಎಂದ. ಎಲ್ಲರೂ ನಕ್ಕರು. ಗೋಡೆಗೆ ಒರಗಿ ಕೂತ ನಾನೂ ನಗಬೇಕಾಯಿತು. ಆಮೇಲೆ ಅವನು, ಗುರುವಿನ ಕಡೆಯವರು ಎಡಕ್ಕೆ, ಸಾಕಿದವಳ ಕಡೆಯವರು ಬಲಕ್ಕೆ ಹೋಗಿ ನಿಲ್ಲಿರಿ ಎಂದ. ಮಕ್ಕಳೆಲ್ಲ ಎದ್ದರು, ತಳ್ಳಾಡಿದರು, ನಿಂತರು. ಭಾಗ್ಯಾ ನಡುವೆ ಉಳಿದಳು.

"ಏ ಭಾಗ್ಯಾ, ನೀ ಯಾವ ಪಾರ್ಟಿ? ಮದ್ಲ ಅದನ್ನ ಹೇಳ," ಎಂದ ಮಾಲಿಂಗ.

"ಕೆಂಪು ರೆಕ್ಕೆಗೆ ಹಿಸಾಕಿ ಬೇಕು, ಹಳೇ ರೇಡಿಯೋಗೂ ಬೇಕು," ಎಂದಳು ಅವಳು. "ಇಬ್ರೂ ಅಂವನ ಮನಸ್ಸು ತಮಗ ಗೊತ್ತೈತಿ ಅಂತಾರ. ಅಂವ ಗುಂಡು ಹಾರಿಸಲಿಲ್ಲಂದ್ರ ಗುರುವಿನ ಮ್ಯಾಲಿನ ಪ್ರೀತಿಗಲ್ಲ, ಹೆದರಿಕೀಗೂ ಅಲ್ಲ. ಯಾರಿಗೆ ಹೊಡದ್ರೂ ಮರುದಿನ ಉಳದವ್ರ ಮಾರಿ ನೋಡಕೋತ ಉಣ್ಣಾಂವ ಅಂವನ. ಅದನ್ನ ಯಾರೂ ಬರದಿಲ್ಲ ನೋಡ."

"ಅದೆಲ್ಲಾ ಖರೆ, ಆದ್ರ ಪಾರ್ಟಿ?"

"ಹದಿನೆಂಟನೇ ತಾರೀಖಿಗೆ ಕೇಳಾವ್ರು ಬ್ಯಾರೆ ಅದಾರ. ನಿಂದ್ಯಾಕ ಗಡಿಬಿಡಿ?"

ಮಕ್ಕಳು ಅರ್ಥವಾಗದೆ ನಕ್ಕರು. ಅವಳು ನಗಲಿಲ್ಲ. ನನ್ನತ್ತ ನೋಡಿದಳು, ಸಿಟ್ಟಿನಿಂದಲ್ಲ. ಪರೀಕ್ಷೆಯ ಕೋಣೆಯಲ್ಲಿ ಬರೆದು ಮುಗಿಸಿದ ಮಕ್ಕಳು ಇನ್ನೂ ಬರೆಯುತ್ತಿರುವವರನ್ನು ನೋಡುತ್ತಾರಲ್ಲ, ಹಾಗೆ.

ವಾಪಸು ಬರುವಾಗ ಘಟಪ್ರಭಾ ದಾಟಿದ ಮೇಲೆ ಅವಳೇ ಹೇಳಿದಳು. "ಅವ್ವಾ, ನೀ ಜಗಳಾ ಸುರು ಮಾಡೂ ಮುಂದ 'ಅದಿರಲಿ' ಅಂತಿ. ರೇಡಿಯೋನೂ ಅಂತೈತಿ. ಅಪ್ಪಂದಂತೂ ಮೊದಲನೇ ದಿನಾನ ಗೊತ್ತಾಗಿತ್ತ." ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. "ನೀವಿಬ್ರೂ ಮಾತಾಡಾಕತ್ತಿದ್ರಿ ಅಂತ," ಎಂದಳು. ಅಷ್ಟೇ. ಹುಕ್ಕೇರಿಯವರೆಗೂ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು, ನಿದ್ದೆ ಮಾಡಿರಲಿಲ್ಲ. ಕೋರ್ಟಿನ ತಾರೀಖು ಗೊತ್ತಾದಾಗಿನಿಂದ ಅವಳಿಗೆ ಊಟ ಸೇರುತ್ತಿಲ್ಲ. ಗಂಗಾಳ ಬದಿಗೆ ಸರಿಸಿ ಏಳುತ್ತಾಳೆ. ಅದನ್ನು ನಾನು ನಿಮ್ಮಿಂದ ಈವರೆಗೆ ಮುಚ್ಚಿಟ್ಟೆ. ನನ್ನ ವಿರುದ್ಧ ಬಳಸುತ್ತೀರಿ ಎಂಬ ಭಯವಿತ್ತು. ಈಗಲೂ ಇದೆ.

ಈಗ ಕೆಲಸದ ಮಾತು. ಅವಳ ಹತ್ತನೆಯ ಇಯತ್ತೆ ಮುಗಿಯುವವರೆಗೆ ಹುಕ್ಕೇರಿಯಲ್ಲಿ ನನ್ನೊಡನೆ ಇರಲಿ. ನಡುವೆ ಶಾಲೆ ಬದಲಿಸುವುದು ಬೇಡ. ಜೂನಿನಿಂದ ಗೋಕಾಕದಲ್ಲಿ ಕಾಲೇಜು, ನಿಮ್ಮ ಮನೆಯಿಂದ. ರಜೆಯಲ್ಲಿ ಎಲ್ಲಿರಬೇಕು ಎಂಬುದನ್ನು ಅವಳು ನಮಗೆ ಹೇಳಬೇಕಾಗಿಲ್ಲ, ಬಸ್ಸು ಹತ್ತಿದರೆ ಸಾಕು. ಇಬ್ಬರೂ ಸಹಿ ಮಾಡಿ ಹದಿನೆಂಟರೊಳಗೆ ರಾಜಿ ಸಲ್ಲಿಸಿದರೆ ಅವಳನ್ನು ಒಳಗೆ ಕರೆಯಬೇಕಾಗಲಿಕ್ಕಿಲ್ಲ ಎಂದು ನನ್ನ ವಕೀಲರು ಅನ್ನುತ್ತಾರೆ. ನಿಮ್ಮ ವಕೀಲರು, ಈಗ ನಿಮ್ಮ ಕಡೆ ವಾಲಿದ ಹುಡುಗಿಯನ್ನು ಯಾಕೆ ಬಿಡುತ್ತೀರಿ ಎನ್ನಬಹುದು. ಖರೆಯೇ, ಅವಳು ಗೋಕಾಕ ಎನ್ನಬಹುದು. ಹುಕ್ಕೇರಿ ಎನ್ನಲೂಬಹುದು. ನಾನು ಕೇಳಿಲ್ಲ. ನೀವೂ ಕೇಳಬೇಡಿ.

ಗುಂಪು ಬಿಡಿ ಎಂದು ನಾನು ಹೇಳುವುದಿಲ್ಲ. ನಾನು ಬಿಟ್ಟಿದ್ದೇನೆ.

ಇಂತಿ,
ದ್ರಾಕ್ಷಾಯಿಣಿ

ತಾ.ಕ. ಈ ಕಾಗದ ಮಡಿಸುವ ಮೊದಲು, ಇಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಅವಳು ಕೇಳಿದ್ದನ್ನು ಬರೆಯಬೇಕು. "ಅವ್ವಾ, ಜಡ್ಜ್ ಸಾಹೇಬ್ರು ನನ್ನ ಒಬ್ಬಾಕಿನ್ನ ಒಳಗ ಕರೀತಾರಂತಲ್ಲ, ಅಲ್ಲಿ ನಾ ಏನ ಹೇಳ್ತೇನಿ ಅನ್ನೂದು ನಿನಗ, ಅಪ್ಪಗ ಗೊತ್ತಾಗತೈತೇನ?" ಇಲ್ಲ, ಎಂದೂ ಗೊತ್ತಾಗುವುದಿಲ್ಲ ಎಂದೆ. ಅವಳು ಎದ್ದು ಹೋಗಿ ಎರಡು ರೊಟ್ಟಿ ಹಾಕಿಕೊಂಡು ಉಂಡಳು. ಆದರೆ ಅವಳು ಅಲ್ಲಿ ಹೇಳುವುದು ತೀರ್ಪಿನಲ್ಲಿ ಬರುತ್ತದೆ, ಇಬ್ಬರಿಗೂ ಪ್ರತಿ ಸಿಗುತ್ತದೆ ಎಂದು ವಕೀಲರು ನನಗೆ ಹೋದ ವಾರವೇ ಹೇಳಿದ್ದಾರೆ. ನಿಮ್ಮ ಸಹಿ ಬರದಿದ್ದರೆ ಹದಿನೆಂಟಕ್ಕೆ ನಾನು ಅವಳಿಗೆ ಸುಳ್ಳು ಹೇಳಿದವಳಾಗುತ್ತೇನೆ.