ಎರಡನೆಯ ಕಾರ್ಡು

ಪ್ರೀತಿಯ ಅತ್ತಿಗೆ,

ಬೆಳಿಗ್ಗೆಯಿಂದ ಇದು ನಾಲ್ಕನೆಯ ಹಾಳೆ. ಮೊದಲ ಮೂರನ್ನೂ ಎರಡು ಸಾಲು ಬರೆದು ಹರಿದು ಹಾಕಿದೆ. ಬಾಯಿಬಡುಕಿ ಅಂತ ನೀವೇ ಹೆಸರಿಟ್ಟವಳಿಗೆ ಇವತ್ತು ಮಾತೇ ಹೊರಡುತ್ತಿಲ್ಲ, ನೋಡಿ. ವಿಷಯ ಮೊದಲು ಹೇಳಿಬಿಡುತ್ತೇನೆ, ಸುತ್ತುಬಳಸುವುದು ಆಮೇಲೆ. ನಾಲ್ಕು ತಿಂಗಳ ಹಿಂದೆ ನನ್ನ ಸ್ಟುಡಿಯೋದಲ್ಲಿ ನೀವು ಕೈಯಾರೆ ಅಳಿಸಿದ ಫೋಟೊಗಳು ಅಳಿಸಿಹೋಗಿಲ್ಲ. ನೂರಾ ಹನ್ನೆರಡೂ ಹಾಗೇ ಇವೆ.

ಕಾಗದ ಕೆಳಗಿಡಬೇಡಿ, ದಮ್ಮಯ್ಯ. ನನ್ನ ಹೊರತು ಒಂದು ನರಪಿಳ್ಳೆಯೂ ನೋಡಿಲ್ಲ.

ಅಮ್ಮನ ಎಪ್ಪತ್ತನೆಯ ಹುಟ್ಟುಹಬ್ಬದ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಾಗ ಅಣ್ಣ ಅಂದನಲ್ಲ, "ಇವಳನ್ನ ಹಿಂದಿನ ಸಾಲಿಗೆ ಹಾಕೇ, ಮುಂದೆ ನಿಂತ್ರೆ ನಿನ್ ಕ್ಯಾಮೆರಾ ಒಡ್ದು ಹೋಗತ್ತೆ" ಅಂತ. ಮನೆಮಂದಿಯೆಲ್ಲ ನಕ್ಕರು. ನೀವೂ ನಕ್ಕು ಚಿಕ್ಕಪ್ಪನ ಹೆಗಲ ಹಿಂದೆ ಸರಿದಿರಿ. ನಾನು, ಮಹಾ ಫೋಟೊಗ್ರಾಫರು, ಬಾಯಿ ಮುಚ್ಚಿಕೊಂಡು ಕ್ಲಿಕ್ಕಿಸಿದೆ. ಆ ಚಿತ್ರದಲ್ಲಿ ನಿಮ್ಮದು ಒಂದು ಕಣ್ಣು, ಅರ್ಧ ಕೆನ್ನೆ ಮಾತ್ರ ಇದೆ.

ಮೂರನೆಯ ದಿನ ಮಧ್ಯಾಹ್ನ ನೀವು ಟೈಲರಿಂಗ್ ಅಂಗಡಿಯಿಂದ ನೇರ ಬಂದಿರಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. "ಹೆಂಗಸ್ರಿಗೆ ತೆಗೀತೀಯಲ್ಲ, ಕತ್ತಲೆ ಕತ್ತಲೆ ಫೋಟೊ. ಗಂಡಸರಿಗೆ ತೋರ್ಸೋಕಲ್ಲ, ತಮ್ಮನ್ನ ತಾವೇ ನೋಡ್ಕೊಳ್ಳೋಕೆ ಅಂತೀಯಲ್ಲ. ಅಂಥದ್ದು ನಂಗೂ ತೆಗಿ" ಅಂದಿರಿ. ಇಪ್ಪತ್ತು ವರ್ಷ ಕಂಡವರ ಸೊಂಟ, ಎದೆ, ತೋಳು ಅಳೆದ ನೀವು ನಿಮ್ಮನ್ನು ಕನ್ನಡಿಯಲ್ಲಿ ಕುತ್ತಿಗೆಯ ಕೆಳಗೆ ನೋಡಿಕೊಂಡದ್ದೇ ಇಲ್ಲವಂತೆ. ಆಮೇಲೆ ಗಿರಾಕಿಯದೆಂದು ಅಣ್ಣನಿಗೆ ಸುಳ್ಳು ಹೇಳಿ ಕಡುಹಸಿರು ರೇಷ್ಮೆಯ ನಿಲುವಂಗಿಯೊಂದನ್ನು ಹೊಲಿದು ತಂದಿರಿ. ಯಬ್ಬಾ, ಆ ಹೊಲಿಗೆ!

ಅವತ್ತು ಕಿಟಕಿಗೆ ಕರಿ ಬಟ್ಟೆ ಎಳೆದು ಒಂದೇ ಒಂದು ದೀಪ ಇಟ್ಟಿದ್ದೆ. ನೀವು ಮಂಚದ ಮೇಲೆ ಕೂರುವ ಬದಲು ನನ್ನ ಪರದೆಯ ಅಂಚು ಬಿಚ್ಚಿಹೋಗಿದೆ, ಸೂಜಿ ಕೊಡು ಅಂದಿರಿ. ಅರ್ಧ ಗಂಟೆ ಬರೀ ನೆಪ. ಎಷ್ಟೋ ಹೊತ್ತಿನ ಮೇಲೆ ಬೆನ್ನು ತಿರುಗಿಸಿ ಕೂತಿರಿ, ನಿಲುವಂಗಿ ಹೆಗಲಿನಿಂದ ತಾನಾಗಿ ಜಾರಿತು. ಎತ್ತಿಕೊಳ್ಳುತ್ತೀರಿ ಅಂದುಕೊಂಡೆ. ಎತ್ತಿಕೊಳ್ಳಲಿಲ್ಲ. ನಿಧಾನಕ್ಕೆ ತಿರುಗಿ ಲೆನ್ಸನ್ನೇ ದಿಟ್ಟಿಸಿದಿರಿ, "ಏನೀಗ?" ಎಂದು ಕೇಳುವವರ ಹಾಗೆ. ಆ ಕ್ಷಣಕ್ಕೇ ಕ್ಲಿಕ್ಕಿಸಿದೆ ಅತ್ತಿಗೆ.

ನನ್ನ ಸ್ಟುಡಿಯೋದ ಕಟ್ಟಳೆ ನಿಮಗೆ ಗೊತ್ತು. ಹೊರಡುವ ಮುನ್ನ ಬಂದವರೇ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಎಲ್ಲವನ್ನೂ ನೋಡಬೇಕು, ಬೇಡವಾದದ್ದನ್ನು ಅವರೇ ಅಳಿಸಬೇಕು. ಆ ಗುಂಡಿಗೆ ನಾನು ಬೆರಳು ತಾಗಿಸುವುದಿಲ್ಲ. ಎರಡನೆಯ ಪ್ರತಿ ಇರುವುದಿಲ್ಲವೆಂದೂ ಅವತ್ತು ನಿಮಗೆ ಹೇಳಿದ್ದೆ. ನೀವು ಒಂದೊಂದನ್ನೂ ನೋಡಿದಿರಿ, ಒಂದೊಂದನ್ನೂ ಅಳಿಸಿದಿರಿ. "ನೋಡಿದ್ನಲ್ಲ, ಸಾಕು" ಅಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟಿರಿ. ನನಗೆ ಹೊಟ್ಟೆ ಉರಿದುಹೋಯಿತು. ಎರಡು ದಿನ ನಿಮ್ಮ ಫೋನ್ ಎತ್ತದ್ದು ಅದಕ್ಕೇ, ತಲೆನೋವಿನಿಂದಲ್ಲ.

ನನ್ನ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡು ಹಾಕಬಹುದು. ಒಂದು ಕೆಟ್ಟರೆ ಇರಲಿ ಅಂತ ಅದು ಒಂದೊಂದು ಚಿತ್ರವನ್ನೂ ಎರಡರಲ್ಲೂ ಬರೆಯುತ್ತದೆ. ಹೆಂಗಸರ ಚಿತ್ರ ತೆಗೆಯುವಾಗ ಒಂದೇ ಹಾಕುತ್ತೇನೆ. ಹಿಂದಿನ ದಿನ ಒಂದು ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದವಳು ಎರಡನೆಯದನ್ನು ತೆಗೆಯಲು ಮರೆತಿದ್ದೆ. ನೀವು ಅಳಿಸಿದ್ದು ಒಂದರಿಂದ ಮಾತ್ರ. ಮಾರನೆಯ ದಿನ ಎರಡನೆಯದನ್ನು ಶಾಲೆಯದೆಂದುಕೊಂಡು ಡಬ್ಬಿಗೆ ಹಾಕಿಬಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅದು ಸಿಕ್ಕಿದ್ದು ಯಾವತ್ತು ಗೊತ್ತೇ? ಕಳೆದ ಭಾನುವಾರ, ನಿಮ್ಮ ಮನೆಯಲ್ಲಿ ಊಟ ಮಾಡಿ ಬಂದ ಸಂಜೆ. ಅವತ್ತೇ ಮಧ್ಯಾಹ್ನ ಅಣ್ಣ ಎಂದಿನಂತೆ ನಿಮ್ಮ ಮೈ ಬಗ್ಗೆ ಏನೋ ಕುಟುಕಿದಾಗ ನೀವು ತಲೆ ತಗ್ಗಿಸಲಿಲ್ಲ. "ಅದು ತಮಾಷೆ ಅಲ್ಲ ರೀ, ಇನ್ನೊಂದ್ಸಲ ಅನ್ಬೇಡಿ" ಅಂದಿರಿ, ಅಷ್ಟೇ ತಣ್ಣಗೆ. ಅವನು ತಟ್ಟೆ ನೋಡಿಕೊಂಡು ಉಂಡ. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ನೀವು ಹೇಳಿದ್ದು ಕಿವಿಯಲ್ಲೇ ಇದೆ: "ಅವತ್ತು ಅಳಿಸಿದ್ನಲ್ಲ, ಆಮೇಲೆ ನಂಗೆ ಭಯ ಹೋಯ್ತು ಕಣೇ. ಇಡೋದೂ ನಂದೇ, ಅಳ್ಸೋದೂ ನಂದೇ ಅಂತ."

ಈಗ ಹೇಳಿ, ನಾನೇನು ಮಾಡಲಿ? ಬಿಸಿತುಪ್ಪ ಬಾಯಲ್ಲಿದೆ, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ನಿಮ್ಮ ಆ ಧೈರ್ಯದ ಬುಡಕ್ಕೇ ಕೊಡಲಿ ಹಾಕಿದಂತೆ. ಸದ್ದಿಲ್ಲದೆ ಕಾರ್ಡು ಮುರಿದುಬಿಡೋಣವೆಂದು ಇಕ್ಕಳ ಹಿಡಿದು ಕೂತೆ. ಹಾಗೆ ಮಾಡಿದರೆ ನಿಮ್ಮ ಬದಲು ನಾನು ಅಳಿಸಿದಂತಾಗುತ್ತದಲ್ಲ ಅನ್ನಿಸಿತು. ಇಷ್ಟು ಒಳ್ಳೆಯ ಯೋಚನೆ ನಿಜವಾಗಿ ನಿಮ್ಮ ಸಲುವಾಗಿಯೋ, ಫೋಟೊ ಉಳಿಸಿಕೊಳ್ಳುವ ನನ್ನ ಆಸೆಯೇ ನ್ಯಾಯದ ಮಾತಾಡುತ್ತಿದೆಯೋ, ನನಗೇ ಬಗೆಹರಿಯುತ್ತಿಲ್ಲ. ಯಾಕೆಂದರೆ ಆಸೆ ಇದೆ. ನೀವು ತಿರುಗಿ ನೋಡಿದ ಆ ಒಂದು ಚಿತ್ರ, ಹದಿನೈದು ವರ್ಷದಲ್ಲಿ ಅಂಥದ್ದು ನನ್ನ ಕೈಯಿಂದ ಬಂದಿಲ್ಲ. ಸಿಕ್ಕಿದ ದಿನ ಒಂದನ್ನು ನೋಡಿ ನಿಲ್ಲಿಸಬೇಕಿತ್ತು. ನೂರಾ ಹನ್ನೆರಡನ್ನೂ ನೋಡಿದೆ. ಅದು ಕಳ್ಳತನವೇ, ನೀವು ಏನು ಅಂದರೂ ಸರಿ.

ಮೊನ್ನೆ ಫೋಟೊ ತೆಗೆಸಿಕೊಳ್ಳಲು ಬಂದ ನರ್ಸಮ್ಮನವರಿಗೆ "ನೀವೇ ಅಳಿಸಿ" ಎನ್ನಲು ನಾಲಿಗೆ ಏಳಲಿಲ್ಲ. ಹುಷಾರಿಲ್ಲವೆಂದು ವಾಪಸ್ಸು ಕಳಿಸಿದೆ. ನಿಮಗೆ ಹೇಳುವ ತನಕ ಇನ್ನೊಬ್ಬರಿಗೆ ಆ ಮಾತು ಹೇಳುವ ಮುಖ ನನಗಿಲ್ಲ.

ಕಾರ್ಡು ಇದೇ ಲಕೋಟೆಯಲ್ಲಿದೆ, ಹತ್ತಿಬಟ್ಟೆಯಲ್ಲಿ ಸುತ್ತಿದ್ದೇನೆ. ಕಂಪ್ಯೂಟರಿಗೆ ಹಾಕಿಲ್ಲ, ಮೂರನೆಯ ಪ್ರತಿ ಇಲ್ಲ. ಎರಡನೆಯದಿಲ್ಲ ಎಂದೂ ನಾನೇ ಹೇಳಿದ್ದು, ಹಾಗಾಗಿ ಇದನ್ನು ನಂಬಿ ಅನ್ನಲು ನನಗೆ ಬಾಯಿಲ್ಲ. ಬೈಯಿರಿ, ವರ್ಷಗಟ್ಟಲೆ ಮಾತು ಬಿಡಿ, ತಡೆದುಕೊಳ್ಳುತ್ತೇನೆ. ಆದರೆ ಭಾನುವಾರ ಅಣ್ಣನಿಗೆ ಉತ್ತರ ಕೊಟ್ಟವರು ನೀವು. ಅದನ್ನು ನಾನು ತೆಗೆದದ್ದಲ್ಲ, ನನ್ನ ಯಾವ ಕಾರ್ಡಿನಲ್ಲೂ ಇಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಅನುಮಾನಪಡಿ, ಆ ಹೆಂಗಸಿನ ಮೇಲೆ ಮಾತ್ರ ಪಡಬೇಡಿ.

ನಿಮಗೆ ಒಳ್ಳೆಯದೇ ಆಗಲಿ, ನನ್ನಿಂದಲೂ, ನಾನಿಲ್ಲದೆಯೂ.

ನಿಮ್ಮ ಬೈಗುಳಕ್ಕೆ ಕಾದು ಕೂತಿರುವ,
ಬಾಯಿಬಡುಕಿ