ಬಂಡೆ ಉಳಿಸಿಕೊಂಡ ಮನೆ

ಮಾಗಡಿ
೧೪ ಮೇ ೨೦೨೩

ಪ್ರೀತಿಯ ದಿಲ್ಶಾದ್,

ಚನ್ನಪಟ್ಟಣದಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ತಾನೇ? ಮಗಳು ಮುನ್ನೀ ಪಿಯುಸಿ ಪಾಸಾದಳೆಂದು ನೀನು ಫೋನ್ ಮಾಡಿದ ದಿನ ನಾನು ಸರಿಯಾಗಿ ಮಾತಾಡಲಿಲ್ಲ. ಸೈಟಿನಲ್ಲಿದ್ದೆ, ಕಿವಿಯ ಪಕ್ಕದಲ್ಲೇ ಕಲ್ಲು ಕೊಯ್ಯುವ ಮಿಷನ್ನು. ನಿನ್ನ ಎರಡು ಕಾಗದಗಳಿಗೆ ಇನ್ನೂ ಉತ್ತರ ಬರೆದಿಲ್ಲ. ರಾಮನಗರದ ಹಾಸ್ಟೆಲ್ ಬಿಟ್ಟ ಈ ಇಪ್ಪತ್ತಾರು ವರ್ಷದಲ್ಲಿ ನಾನು ಇಷ್ಟು ದಿನ ಸುಮ್ಮನಿದ್ದದ್ದು ಇದೇ ಮೊದಲು. ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗಿಂತ ಮೊದಲು ನನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತೀಯ. ಅದಕ್ಕೇ ಕಾಗದ.

ಮನೆ ಮುಗಿಯಿತು ಕಣೇ. ಮೊನ್ನೆ ಗುರುವಾರ ಗೃಹಪ್ರವೇಶ ಆಯಿತು. ಸಾವನದುರ್ಗದ ಮೂಡಲಿಗೆ, ನಮ್ಮೂರ ಎಲ್ಲೆಯಲ್ಲಿ, ಡಾಕ್ಟರ್ ಬಸವಯ್ಯನವರಿಗೆ ಮನೆ ಕಟ್ಟುತ್ತಿದ್ದೇನೆ ಎಂದು ಬರೆದಿದ್ದೆನಲ್ಲ, ಅದೇ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಕಣ್ಣಿನ ಆಪರೇಷನ್ ಮಾಡಿದವರು. ರಿಟೈರ್ ಆದ ಮೇಲೆ ಹೆಂಡತಿ ನಾಗಲಕ್ಷ್ಮಮ್ಮನವರ ಜೊತೆ ಇಲ್ಲೇ ಇರಬೇಕೆಂದು ಎರಡು ಎಕರೆ ಕೊಂಡರು. ಈ ಸೀಮೆಯ ಆರ್ಕಿಟೆಕ್ಟ್ ಒಬ್ಬಳಿದ್ದಾಳೆಂದು ಯಾರೋ ಹೇಳಿದ್ದಕ್ಕೆ ನನ್ನ ಹತ್ತಿರ ಬಂದರು.

ಜಮೀನಿನ ಪಡುವಣ ತುದಿಯಲ್ಲಿ ಒಂದು ಬಂಡೆ ಇದೆ. ಎರಡು ಎತ್ತಿನ ಗಾಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ, ಎರಡಾಳೆತ್ತರ. ಅದರ ಆಚೆಗೆ ಬೆಟ್ಟ. ನಾನು ಮೊದಲ ದಿನವೇ ಆ ಬಂಡೆಯನ್ನು ಮನೆಯ ಹಿಂಗೋಡೆ ಎಂದುಕೊಂಡೆ. ಅದರ ನೆರಳಿನಲ್ಲಿ ತಗ್ಗಾದ ಮನೆ, ಒರಟು ಕಲ್ಲಿನ ಗೋಡೆ, ನಮ್ಮ ಕಡೆಯ ಹಳೆಯ ಮನೆಗಳ ಹಾಗೆ ಚಪ್ಪಡಿ ಹಾಸು, ಮುಂದೆ ಉದ್ದ ಜಗಲಿ. ಬಂಡೆಗೂ ಸೂರಿಗೂ ನಡುವೆ ಗಾಳಿ ಓಡಾಡಲು ಒಂದಡಿ ಸಂದು, ಮಳೆ ನೀರು ಬಂಡೆಯ ಮೇಲಿಂದ ಇಳಿದು ತೊಟ್ಟಿ ಸೇರುವ ಹಾಗೆ ಸಣ್ಣ ಕಾಲುವೆ. ಬೆಟ್ಟ ನೋಡಬೇಕೆಂದರೆ ಹನ್ನೊಂದು ಮೆಟ್ಟಿಲು ಹತ್ತಿ ಬಂಡೆಯ ಮೇಲೆ ಕೂರಬೇಕು. ನಕ್ಷೆ ನೋಡಿ ಇಬ್ಬರೂ ಒಪ್ಪಿದರು. ತಳಪಾಯವೂ ಆಯಿತು.

ಆಮೇಲೆ ಡಾಕ್ಟರು ಕನಕಪುರದ ದಾರಿಯಲ್ಲಿರುವ ಸ್ನೇಹಿತರೊಬ್ಬರ ತೋಟದ ಮನೆಗೆ ಹೋಗಿ ಬಂದರು. ಮೂರು ಅಂತಸ್ತು, ನೆಲದಿಂದ ತಾರಸಿಯವರೆಗೆ ಗಾಜು, ಎದುರಿಗೆ ಈಜುಕೊಳ. ಬಂದವರೇ ನನ್ನ ಆಫೀಸಿನಲ್ಲಿ ಕೂತು ಹೇಳಿದರು: "ಮಾಯಮ್ಮ, ಬೆಟ್ಟ ನೋಡೋಕೆ ಅಂತ ಜಾಗ ತಗೊಂಡಿದ್ದೀನಿ. ನಿಮ್ಮ ಬಂಡೆ ಅಡ್ಡ ನಿಂತಿದೆ. ಅದನ್ನ ತೆಗೆಸಿಬಿಡೋಣ. ಆ ಜಾಗದಲ್ಲಿ ಪೂಲ್ ಬರಲಿ. ಹಾಸಿಗೆಯಲ್ಲಿ ಮಲಗಿದರೂ ಬೆಟ್ಟ ಕಾಣಬೇಕು."

"ಬೆಟ್ಟ ಇರೋದು ಪಡುವಣಕ್ಕೆ ಸರ್. ಮಧ್ಯಾಹ್ನದ ಬಿಸಿಲೆಲ್ಲ ಆ ಗಾಜಿನ ಮೇಲೇ ಬೀಳುತ್ತೆ."

"ಎಸಿ ಹಾಕಿಸ್ತೀನಿ."

"ಹಾಗಾದರೆ ನೀವು ಪರದೆ ಎಳೆದುಕೊಂಡು ಎಸಿಯಲ್ಲಿ ಕೂತಿರ್ತೀರಿ. ಬೆಟ್ಟ ಎಲ್ಲಿ ನೋಡ್ತೀರಿ?"

ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷ ಅವರ ಎದುರು ಯಾರೂ ಹಾಗೆ ಮಾತಾಡಿರಲಿಕ್ಕಿಲ್ಲ. "ಮನೆ ನಂದಮ್ಮ" ಎಂದು ಎದ್ದುಹೋದರು. ನಾನೂ ಕೂಗಿ ಕರೆಯಲಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಫಕ್ರುದ್ದೀನ್ ಮೇಸ್ತ್ರಿ ಫೋನ್ ಮಾಡಿದರು. ಹನ್ನೆರಡು ವರ್ಷದಿಂದ ನನ್ನ ಎಲ್ಲ ಮನೆಗಳ ಕಲ್ಲುಗೋಡೆ ಅವರದೇ. "ಮೇಡಂ, ಬಿರ್ನೆ ಬನ್ನಿ. ಯಾರೋ ಕಂಪ್ರೆಸರ್ ಗಾಡಿ ತಂದು ನಿಲ್ಸವ್ರೆ. ಬಂಡೇಗೆ ಕುಳಿ ಹೊಡೀತಾರಂತೆ."

ಸ್ಕೂಟರಿನಲ್ಲಿ ಹೋದೆ. ಡ್ರಿಲ್ ಹಿಡಿದವರು ಇಬ್ಬರು, ಗುತ್ತಿಗೆದಾರ ಒಬ್ಬ. ಮದ್ದು ತುಂಬುವ ಮೂರು ಕುಳಿಗೆ ಸುಣ್ಣದಲ್ಲಿ ಗುರುತು ಹಾಕಿಯಾಗಿತ್ತು. ನಾನು ಚಪ್ಪಲಿ ಬಿಟ್ಟು ಬಂಡೆ ಹತ್ತಿ, ಆ ಗುರುತುಗಳ ಮೇಲೆ ಕೂತೆ. ನಗಬೇಡ. ನಲವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಬಂಡೆಯ ಮೇಲೆ ಚಕ್ಕಂಬಕ್ಕಲ ಹಾಕಿದ್ದನ್ನು ನೆನೆದರೆ ಈಗ ನನಗೂ ನಗು ಬರುತ್ತದೆ. ಅವತ್ತು ಬರಲಿಲ್ಲ.

ಗುತ್ತಿಗೆದಾರ ಕೆಳಗಿಂದ, "ಏಳಮ್ಮ, ನಮ್ ಕೆಲಸ ಕೆಡುಸ್ಬೇಡ" ಎಂದ.

"ನಿನ್ ಕೆಲಸ ಎಂಥದು ಅಂತ ನಂಗೊತ್ತು. ಮೊದ್ಲು ಡಾಕ್ಟ್ರನ್ನ ಕರೆಸು" ಎಂದೆ.

ಫಕ್ರುದ್ದೀನ್ ಮೇಲೆ ಬಂದರು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನನ್ನ ಕೈಗೆ ಕೊಟ್ಟರು. "ತಲೆ ಮ್ಯಾಲೆ ಹಾಕ್ಕಳಿ. ಎಷ್ಟೋ ಬಂಡೆ ನಾನೇ ಸೀಳಿವ್ನಿ, ಇದ್ರ ಮ್ಯಾಲೆ ನಿಮ್ಗ್ಯಾಕ್ ಮೇಡಂ ಇಷ್ಟು ಹಟ?" ಬಿಸಿಲಿನ ಲೆಕ್ಕ ಹೇಳಿದೆ. ಅವರು ನನ್ನ ಮುಖ ನೋಡಿ, "ಆಯ್ತು ಬುಡಿ" ಎಂದು ಪಕ್ಕದಲ್ಲೇ ಕೂತರು. ಕೆಳಗೆ ಕಲ್ಲು ಕೆತ್ತುತ್ತಿದ್ದವರು ಒಬ್ಬೊಬ್ಬರಾಗಿ ಸುತ್ತಿಗೆ ಕೆಳಗಿಟ್ಟರು. ಯಾರೂ ಅವರಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಡಾಕ್ಟರ ಮುಖ ಕೆಂಪಗಿತ್ತು. ನಾನು ಇಳಿದು ಬಂದು ಎರಡು ಪ್ಲಾಸ್ಟಿಕ್ ಕುರ್ಚಿ ತರಿಸಿದೆ. ಒಂದನ್ನು ಬಂಡೆಯ ಪಕ್ಕದ ಬಯಲಿನಲ್ಲಿ ಬೆಟ್ಟಕ್ಕೆ ಮುಖಮಾಡಿ ಹಾಕಿಸಿದೆ, ಇನ್ನೊಂದನ್ನು ಬಂಡೆಯ ಈಚೆಗೆ. "ಸರ್, ಬಂಡೆ ಹೋದರೆ ನಿಮ್ಮ ಮನೆ ಹೀಗೇ ಬಯಲಲ್ಲಿರುತ್ತೆ. ಆ ಕುರ್ಚಿಯಲ್ಲಿ ಒಂದು ಗಂಟೆ ಕೂತುಕೊಳ್ಳಿ. ಕೂತಿದ್ದು ಎದ್ದ ಮೇಲೂ ಬಂಡೆ ಒಡೆಸಿ ಅಂದರೆ, ನನ್ನ ನಕ್ಷೆ ಹರಿದುಹಾಕಿ ಮನೆಗೆ ಹೋಗ್ತೀನಿ."

ಹಟಮಾರಿ ಮನುಷ್ಯ. ಟೋಪಿ ಹಾಕಿಕೊಂಡು ಕೂತರು. ಮೂರು ಗಂಟೆಗೆ ಸೂರ್ಯ ಬೆಟ್ಟದ ಕಡೆ ವಾಲಿದ. ಮೊದಲು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕೈ ಅಡ್ಡ ಹಿಡಿದರು. ಆಮೇಲೆ ಕುರ್ಚಿಯನ್ನೇ ತಿರುಗಿಸಿಕೊಂಡು ಬೆಟ್ಟಕ್ಕೆ ಬೆನ್ನು ಹಾಕಿದರು. ನಾಗಲಕ್ಷ್ಮಮ್ಮನವರು ಬಂಡೆಯ ನೆರಳಿನಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. "ರೀ, ಇಲ್ಲಿ ಗಾಳಿ ತಣ್ಣಗಿದೆ. ಹಟ ಸಾಕು, ಬನ್ನಿ" ಎಂದರು. ಡಾಕ್ಟರು ಇನ್ನೂ ಐದು ನಿಮಿಷ ಕೂತಿದ್ದರು, ಮರ್ಯಾದೆಗೆ. ಆಮೇಲೆ ಎದ್ದು ಬಂದು ಹೆಂಡತಿಯ ಕೈಯಿಂದ ನಾಲ್ಕು ಕಡಲೆಕಾಯಿ ತೆಗೆದುಕೊಂಡರು. ಗುತ್ತಿಗೆದಾರನಿಗೆ, "ಗಾಡಿ ತಗೊಂಡು ಹೋಗಪ್ಪ" ಎಂದರು. ಸಾಯಂಕಾಲ ಬಿಸಿಲಿಳಿದ ಮೇಲೆ ತಾವಾಗಿಯೇ ಬಂಡೆ ಹತ್ತಿ, ಕತ್ತಲಾಗುವ ತನಕ ಬೆಟ್ಟ ನೋಡುತ್ತಾ ನಿಂತಿದ್ದರು.

ಹಾಗೆ ಬಂಡೆ ಉಳಿಯಿತು. ಈಗ ರಸ್ತೆಯಿಂದ ನೋಡಿದರೆ ಅಲ್ಲಿ ಮನೆ ಇದೆಯೆಂದೇ ಗೊತ್ತಾಗುವುದಿಲ್ಲ. ಹತ್ತಿರ ಹೋದ ಮೇಲೆ ಜಗಲಿ, ಜಗಲಿಯ ಹಿಂದೆ ತಂಪು, ತಂಪಿನ ಹಿಂದೆ ಬಂಡೆ. ಗೃಹಪ್ರವೇಶಕ್ಕೆ ಊರಿನವರನ್ನೆಲ್ಲ ನಾನೇ ಕರೆದಿದ್ದೆ. ನಮ್ಮ ಬೀದಿಯ ಅಂಕಮ್ಮಜ್ಜಿ ಒಳಗೆಲ್ಲ ಸುತ್ತಿ, ಗೋಡೆ ತಟ್ಟಿ ನೋಡಿ, "ಬೆಂಗ್ಳೂರೋರ್ಗೂ ನಮ್ಮಟ್ಟಿ ಮನೆ ಥರ ತಗ್ಗಾಗೇ ಕಟ್ಬುಟ್ಟಲ್ಲವ್ವ!" ಎಂದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಡ. ಡಾಕ್ಟರ ಸ್ನೇಹಿತರೊಬ್ಬರು, "ಯಾರು ಆರ್ಕಿಟೆಕ್ಟು? ಬೆಂಗಳೂರಿನವರಾ?" ಎಂದು ಕೇಳಿದಾಗ ನಾಗಲಕ್ಷ್ಮಮ್ಮನವರು ನನ್ನ ಕೈ ಹಿಡಿದು ಎಳೆದು, "ಇದೇ ಊರಿನವಳು. ನಮ್ಮ ಯಜಮಾನರನ್ನ ಬಿಸಿಲಲ್ಲಿ ಕೂರಿಸಿದವಳು" ಎಂದರು. ಡಾಕ್ಟರೂ ನಕ್ಕರು. ನಮ್ಮಣ್ಣ ಕೃಷ್ಣಪ್ಪನೂ ಅತ್ತಿಗೆಯ ಜೊತೆ ಬಂದು ಊಟ ಮಾಡಿಕೊಂಡು ಹೋದ.

ಮುನ್ನೀಗೆ ಆರ್ಕಿಟೆಕ್ಚರ್ ಓದುವ ಆಸೆ ಇದೆ ಎಂದು ನೀನು ಬರೆದಿದ್ದೆ. ಓದಲಿ. ಯಾರಾದರೂ ಬೇಡವೆಂದರೆ ನನ್ನ ಹತ್ತಿರ ಕಳಿಸು, ಮೊದಲು ಕಲ್ಲು ಹೊರಿಸುತ್ತೇನೆ, ಆಮೇಲೆ ಪೆನ್ಸಿಲ್ ಕೊಡುತ್ತೇನೆ. ಅವಳ ಕೈಗೆ ಒಳ್ಳೆಯ ಕೆಲಸ ಸಿಗಲಿ, ಅವಳ ಮಾತಿಗೆ ಬೆಲೆ ಕೊಡುವ ಜನ ಸಿಗಲಿ. ನಿನ್ನ ಮಂಡಿ ನೋವು ಬೇಗ ವಾಸಿಯಾಗಲಿ. ರಜೆಯಲ್ಲಿ ಬಾ, ಬಂಡೆಯ ಮೇಲೆ ಕೂರೋಣ.

ನಿನ್ನ
ಮಾಯಮ್ಮ

ತಾ.ಕ.: ದಿಲ್ಶಾದ್, ಫಕ್ರುದ್ದೀನ್ ಮೇಸ್ತ್ರಿಗೆ ಹೇಳದ್ದನ್ನು ನಿನಗೆ ಹೇಳದೆ ಈ ಕಾಗದ ಮಡಿಸಲಾರೆ. ಆ ಎರಡು ಎಕರೆ ನಮ್ಮ ಹೊಲ. ಹುರುಳಿ ಒಕ್ಕಿ ಆ ಬಂಡೆಯ ಮೇಲೆಯೇ ಒಣಗಿಸುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಾರಿದ. ಹೊಲ ಅವನ ಪಾಲಿಗೆ ಬಂದದ್ದು, ಮಾರಿಕೊಂಡ ಎಂದು ಸುಮ್ಮನಿದ್ದೆ. ಮನೆಗೆ ಪರವಾನಗಿ ತೆಗೆಸಲು ಡಾಕ್ಟರು ಕೊಟ್ಟ ಫೈಲಿನಲ್ಲಿ ಒಂದು ಹಕ್ಕು ಬಿಡುಗಡೆ ಪತ್ರ ಇತ್ತು. ೧೯೯೭ನೇ ಇಸವಿ ಜೂನ್ ತಿಂಗಳದು. ಅಪ್ಪನ ಎಲ್ಲ ಜಮೀನಿನಲ್ಲಿ ನನ್ನ ಪಾಲನ್ನು ಸ್ವಂತ ಇಷ್ಟದಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿತ್ತು. ಕೆಳಗೆ ನನ್ನ ಸಹಿ.

ಆ ದಿನ ನೆನಪಿದೆ. ನನಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲಿಗೆ ಯಾವುದೋ ಕಾಗದ ಬೇಕು ಎಂದು ಅಪ್ಪ ನನ್ನನ್ನು ಪೇಟೆಗೆ ಕರೆದುಕೊಂಡು ಹೋದರು. ಒಪ್ಪಿಗೆ ಇದೆಯೇನಮ್ಮ ಎಂದು ಅಲ್ಲಿನ ನೋಂದಣಿ ಆಫೀಸಿನಲ್ಲಿ ಕೇಳಿದರು. ಇದೆ ಎಂದೆ. ಆಮೇಲೆ ಅಪ್ಪ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು, ತಾವು ತಿನ್ನಲಿಲ್ಲ.

ಗೃಹಪ್ರವೇಶದ ದಿನ ಅಣ್ಣನನ್ನು ಜಗಲಿಯ ತುದಿಗೆ ಕರೆದು ಕೇಳಿದೆ. ಅವನು ಎಲೆಗೆ ಸುಣ್ಣ ಸವರುತ್ತಾ ಹೇಳಿದ: "ಮನೇಗೆಲ್ಲಾ ಓದ್ದೋಳು ನೀನೇ ಅಲ್ವಾ? ಓದಿ ಸೈನ್ ಹಾಕ್ಬೇಕಿತ್ತು."

"ಅಪ್ಪ ಬೆರಳಿಟ್ಟು ತೋರ್ಸಿದ್ ಕಡೆ ಹಾಕ್ದೆ ಕಣಣ್ಣ. ಅಪ್ಪ ಕೊಟ್ಟ ಕಾಗ್ದಾನೂ ಓದ್ಬೇಕು ಅಂತ ಗೊತ್ತಿರ್ಲಿಲ್ಲ" ಎಂದೆ. ಅವನು ಎದ್ದುಹೋದ.

ಡಾಕ್ಟರ ಮನೆಯ ಒಂದು ಕಲ್ಲನ್ನೂ ನಾನು ಕೇಳುವುದಿಲ್ಲ. ಉಳಿದ ಜಮೀನು ಅಣ್ಣನ ಹತ್ತಿರ ಇದೆ. ನಾಳೆ ರಾಮನಗರಕ್ಕೆ ಹೋಗಿ ವಕೀಲರನ್ನು ಕಾಣುತ್ತೇನೆ. ಇಷ್ಟು ವರ್ಷವಾದ ಮೇಲೆ ಗೆಲ್ಲುವುದು ಕಷ್ಟ ಎಂದು ಅವರು ಫೋನಿನಲ್ಲೇ ಹೇಳಿದ್ದಾರೆ. ಪರವಾಗಿಲ್ಲ. ನನಗೆ ಗೊತ್ತಿರಲಿಲ್ಲ ಎಂಬ ಮಾತನ್ನು ಕಾಗದದ ಮೇಲೆ ಬರೆಸಬೇಕು. ಅದನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಓದಬೇಕು. ಆಮೇಲೆ ಸಹಿ ಹಾಕಬೇಕು.